ಚೀಟಿಯಿಲ್ಲದ ಪದಕಗಳು

ತಟ್ಟೆಯಲ್ಲಿದ್ದ ಆರು ಪದಕಗಳೂ ಹಬ್ಬಕ್ಕೆ ಬೆಳಗಿದ ಪೂಜೆ ಸಾಮಾನಿನಂತೆ ಥಳಥಳ ಹೊಳೆಯುತ್ತಿದ್ದವು. ಚಿತ್ರಾ ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

“ಅತ್ತೆ, ಇವಕ್ಕೆ ಕಟ್ಟಿದ್ದ ಚೀಟಿಗಳೆಲ್ಲಿ?”

“ಚೀಟಿನಾ? ನೆಂದುಹೋಗಿದ್ವು, ಕಸಕ್ಕೆ ಹಾಕ್ದೆ.” ಪದ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. “ಎಷ್ಟು ಕಪ್ಪಗಾಗಿದ್ವು ಗೊತ್ತಾ? ಹುಣಸೆಹಣ್ಣು ಹಾಕಿ ತಿಕ್ಕಿದೀನಿ. ಅಮೆರಿಕಾದೋರ ಕೈಗೆ ಹೋಗೋ ಪದಾರ್ಥ. ನನ್ನ ಮಗ ಕೊಳಕು ಕೊಟ್ಟ ಅನ್ನಬಾರದಲ್ಲ.”

ಸೋಫಾದಲ್ಲಿದ್ದ ಸೆಡ್ರಿಕ್ ದಡಕ್ಕನೆ ಎದ್ದ. ಮಂಗಳೂರಿನವನು, ಚಿತ್ರಾಳ ಗಂಡ ಗುರುಕಿರಣನ ಸಹೋದ್ಯೋಗಿ. ಅಕ್ಕನ ಮನೆಗೆಂದು ಅಮೆರಿಕಕ್ಕೆ ಹೊರಟಿದ್ದ. ಪದಕ ಒಯ್ಯಲೆಂದೇ ಗಲ್ಫಿನ ಅಬು ಹಲೀಫಾದ ಈ ಫ್ಲ್ಯಾಟಿಗೆ ಬಂದಿದ್ದ. “ಎಂತ ಮಾಡಿದ್ರಿ ಅಮ್ಮ! ಹಳೇ ಪದಕವನ್ನು ಯಾರಾದ್ರೂ ಚೊಂಬು ತಿಕ್ಕಿದ ಹಾಗೆ ತಿಕ್ತಾರಾ?”

ಇಲ್ಲಿದ್ದ ಅಮೆರಿಕದ ಸೈನಿಕರು ಬಿಟ್ಟುಹೋದ ಈ ಪದಕಗಳನ್ನು ಗುರುಕಿರಣ್ ನಾಲ್ಕು ವರ್ಷ ಹಳೆ ಸಾಮಾನಿನ ಫ್ರೈಡೇ ಮಾರ್ಕೆಟ್ ಸುತ್ತಿ ಒಂದೊಂದಾಗಿ ಕೂಡಿಸಿದ್ದ. ಈ ಒಂದು ಬಗೆ ಬಿಟ್ಟು ಬೇರೆ ಪದಕ ಅವನಿಗೆ ಬೇಕಿರಲಿಲ್ಲ. ಯಾವುದೋ ಹಳೆಯ ಯುದ್ಧದಲ್ಲಿ ಕಾದಿದವರ ವಂಶಸ್ಥರು ಅಮೆರಿಕದಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದರು. ಅದೇ ವಂಶದವನು ತಾನೂ ಸೈನ್ಯ ಸೇರಿದರೆ ಸಂಘ ಈ ಕಂಚಿನ ಶಿಲುಬೆ ಕೊಡುತ್ತಿತ್ತು. ಮುತ್ತಜ್ಜ ಯಾರೆಂದು ಕಾಗದ ತೋರಿಸಬೇಕಿತ್ತು. “ಶೌರ್ಯ ಇದ್ರೆ ಸಾಲದು ಕಣೆ, ರಕ್ತಾನೂ ಅದೇ ಆಗಿರಬೇಕು,” ಎಂದು ಗುರುಕಿರಣ್ ನಗುತ್ತಿದ್ದ. ಪದಕದ ಮೇಲೆ ಹೆಸರಿರುತ್ತಿರಲಿಲ್ಲ. ಕೊಂಡ ದಿನವೇ ಮಾರಿದವನನ್ನು ವಿಚಾರಿಸಿ, ಸೈನಿಕನ ಹೆಸರು ಬರೆದು ದಾರದಲ್ಲಿ ಕಟ್ಟುತ್ತಿದ್ದ.

ಹೆಸರಿನ ಚೀಟಿ ಸಮೇತ ಅವನು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಫೋಟೋ ನೋಡಿ ಒಬ್ಬ ಸೈನಿಕನ ಮಗಳು ಬರೆದಿದ್ದಳು. ಅಪ್ಪ ತೀರಿಕೊಂಡಿದ್ದಾರೆ, ಅದೊಂದು ನಮಗೆ ಬೇಕು ಎಂದು. ಕಳಿಸುತ್ತೇನೆಂದು ಗುರುಕಿರಣ್ ಮಾತು ಕೊಟ್ಟ. ಮಾತು ಕೊಟ್ಟ ವಾರದಲ್ಲೇ ಕೆಲಸದ ಜಾಗದಲ್ಲಿ ಬೆಂಕಿಗೆ ಸಿಕ್ಕು ಹೋಗಿಬಿಟ್ಟ. ಶವಪೆಟ್ಟಿಗೆಯ ಜೊತೆ ಊರಿಗೆ ಹೋಗಿ ಕಾರ್ಯ ಮುಗಿಸಿ, ಅತ್ತೆಯನ್ನು ಕರೆದುಕೊಂಡು ಕೆಲಸಕ್ಕೆ ಹಿಂತಿರುಗಿದ್ದ ಚಿತ್ರಾಳಿಗೆ ಉಳಿದಿದ್ದು ಅವನ ಆ ಒಂದು ಮಾತು.

ಅವಳು ಫೋನಿನಲ್ಲಿ ಫೋಟೋ ತೆರೆದಳು. ಆ ಮಗಳು ಕೇಳಿದ್ದ ಶಿಲುಬೆಯ ಎಡತೋಳಿನ ಮೇಲೆ ಹಸಿರು ಕಲೆಯಿತ್ತು. ತಟ್ಟೆಯಲ್ಲಿದ್ದ ಯಾವುದರ ಮೇಲೂ ಕಲೆಯಿರಲಿಲ್ಲ. ಒಂದನ್ನು ಎತ್ತಿದಳು, ಇಟ್ಟಳು. ಇನ್ನೊಂದನ್ನು ಎತ್ತಿದಳು.

“ಯಾವುದಾದ್ರೂ ಒಂದು ಕೊಡಿ ಮಾರಾಯ್ರೆ. ಎಲ್ಲ ಒಂದೇ ಅಲ್ವಾ? ನಾಲ್ಕು ಗಂಟೆಗೆ ನಾನು ಏರ್‌ಪೋರ್ಟಲ್ಲಿ ಇರ್ಬೇಕು.”

“ಬೇರೆ ಯಾರದ್ದೋ ಅಪ್ಪಂದು ಹೋದ್ರೆ?”

“ಅವರಿಗೆ ಹೇಗೆ ಗೊತ್ತಾಗ್ತದೆ?”

“ನಂಗೆ ಗೊತ್ತಿರುತ್ತಲ್ಲ ಸೆಡ್ರಿಕ್.”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಪದಕ ಪಡೆಯಲೆಂದು ಅವನ ನಂಬರ್ ತೆಗೆದುಕೊಂಡಿದ್ದ ಆ ಮಗಳದ್ದೇ ವಿಡಿಯೋ ಕರೆ. ನಿಜ ಹೇಳಿಬಿಡೋಣವೆಂದು ಚಿತ್ರಾ ಫೋನು ಇಸಿದುಕೊಂಡಳು. ಕೈಯಲ್ಲಿ ಪದಕ ಹಾಗೇ ಇತ್ತು. ಅವಳು ಬಾಯಿ ತೆರೆಯುವ ಮೊದಲೇ ಅತ್ತಲಿನ ಹೆಂಗಸು ಬಿಕ್ಕಿದಳು. ಅದೇ, ಅದೇ ಅದು; ನಾನು ಚಿಕ್ಕವಳಿದ್ದಾಗ ಅಪ್ಪನ ಎದೆಯ ಮೇಲೆ ಹೀಗೇ ಹೊಳೆಯುತ್ತಿತ್ತು; ನಿಮ್ಮ ಗಂಡನ ಋಣ ಹೇಗೆ ತೀರಿಸಲಿ ಎಂದಳು. ಚಿತ್ರಾ ಏನೋ ಅಂದಳು. ಏನೆಂದು ಅವಳಿಗೇ ತಿಳಿಯಲಿಲ್ಲ.

“ಖಲಾಸ್! ಅವರೇ ಗುರುತು ಹಿಡಿದ್ರಲ್ಲ,” ಎಂದು ಸೆಡ್ರಿಕ್ ಪದಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಲಿಫ್ಟಿನ ಕಡೆ ಓಡಿದ.

ಚಿತ್ರಾ ಬಾಗಿಲು ಹಾಕಿ ಬಂದಳು. ಪದ್ಮಮ್ಮ ಉಳಿದ ಐದನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತ ಕೂತಿದ್ದರು.

“ಪಾಪ, ಅವಳಿಗೆ ಅದೇ ಅನ್ನಿಸ್ತು, ಅಲ್ವಾ?”

“ಹೂಂ.”

ಪದ್ಮಮ್ಮ ಕೊನೆಯ ಪದಕವನ್ನು ಸಾಲಿಗೆ ಸರಿಸಿದರು. ಆಮೇಲೆ ತಲೆಯೆತ್ತದೆ ಕೇಳಿದರು:

“ಆವತ್ತು ಬೆಂಕೀಲಿ ಹೋದೋರು ನಾಲ್ಕು ಜನ ಅಂದ್ರು. ಪೆಟ್ಟಿಗೆ ತೆಗೆಯೋಕೆ ಬಿಡಲಿಲ್ಲ. ಮೇಲೆ ಅಂಟಿಸಿದ್ದ ಚೀಟಿ ನೋಡಿ ತಾನೇ ಚಿತ್ರಾ, ನಾವು ಕೊಳ್ಳಿ ಇಟ್ಟಿದ್ದು?”