ಎದೆಯೆತ್ತರದ ಪ್ಲಗ್ ಪಾಯಿಂಟ್

ಸನ್ಮಾನದ ಪೇಟವನ್ನು ಕಾರಿನಲ್ಲೇ ಬಿಟ್ಟು ಇಳಿದ ಗಿರಾಕಿಯನ್ನು ಕಂಡು ಬ್ರೋಕರ್ ಉಬ್ಬಿಹೋದ. ಬಂದವರು ನಗರ ಯೋಜನೆಯ ದೊಡ್ಡ ಅಧಿಕಾರಿಯಾಗಿದ್ದು ಈಚೆಗಷ್ಟೇ ನಿವೃತ್ತರಾದವರು. ಹವಾಮಾನ ಕೆಟ್ಟ ಕಾಲದಲ್ಲಿ ನಗರಗಳನ್ನು ಉಳಿಸಿಕೊಳ್ಳುವುದು ಹೇಗೆಂದು ಊರೂರು ಸುತ್ತಿ ಭಾಷಣ ಮಾಡುವವರು. ಈಗ ಮಗಳಿಗೊಂದು ಮನೆ ಬೇಕಾಗಿತ್ತು. ಇಂಥವರು ಕೊಂಡರೆ ಬಡಾವಣೆಯ ಉಳಿದ ಮನೆಗಳೂ ತಾವಾಗಿಯೇ ಹೋಗುತ್ತವೆ.

ಆದರೆ ಅವರು ಅಡುಗೆಮನೆ, ದೇವರಮನೆ ಯಾವುದನ್ನೂ ನೋಡಲಿಲ್ಲ. ಗೋಡೆಯನ್ನೇ ದಿಟ್ಟಿಸಿದರು.

“ಪ್ಲಗ್ ಪಾಯಿಂಟೆಲ್ಲ ಎದೆ ಎತ್ತರಕ್ಕೆ ಯಾಕಯ್ಯ?”

“ಮಕ್ಕಳ ಕೈಗೆ ಸಿಗಬಾರ್ದು ಅಂತ ಸಾರ್.”

“ಮಳೆ ಬಂದ್ರೆ ನೀರು ಎಲ್ಲೀತನಕ ಬರುತ್ತೆ?”

“ಅಯ್ಯೋ, ಗೇಟೂ ದಾಟಲ್ಲ ಸಾರ್!”

“ಬಾಯಿಗೆ ಬಂದಿದ್ದು ಹೇಳಬೇಡ. ಇದು ಕೆರೆ ಅಂಗಳ. ನನ್ನ ಮಗಳು ಇಲ್ಲಿ ಮುಳುಗಿ ಸಾಯಬೇಕಾ?”

ಬ್ರೋಕರ್‌ಗೆ ರೇಗಿತು. ಭಾಷಣ ಬಿಗಿಯುವವರಿಗೆ ಕಂಡಲ್ಲೆಲ್ಲ ಕೆರೆಯೇ.

“ಕೆರೆ ಅಲ್ಲ ಅಂತ ನಿಮ್ಮ ಆಫೀಸಿನವರೇ ಜಾಗ ನೋಡಿ ಸಹಿ ಹಾಕಿ ಕೊಟ್ಟಿದ್ದಾರೆ ಸಾರ್. ಅವರೇನು ಕುರುಡರಾ?”

“ಕುರುಡರೇನಲ್ಲ,” ಎನ್ನುತ್ತಾ ಅವರು ಚಪ್ಪಲಿ ಮೆಟ್ಟಿಕೊಂಡರು. “ಸಹಿ ಹಾಕಿದ್ದು ನಾನೇ. ನಡಿ, ಬೇರೆ ಕಡೆ ತೋರಿಸು.”