ಡಬ್ಬಿಯೊಳಗಿನ ಉಪ್ಪು

ಯಲ್ಲಾಲಿಂಗ ಕಿವಿ ಮಷೀನಿನ ಮೇಲ್ಚಿಪ್ಪು ಬಿಚ್ಚಿದ. ಒಳಗೆಲ್ಲ ಹಸಿರು ಕಿಲುಬು. ಭೂತಗನ್ನಡಿ ಹಿಡಿದು ನೋಡಿ, ಎದುರಿಗೆ ಸ್ಟೂಲಿನ ಮೇಲೆ ಕುಳಿತಿದ್ದ ಕೆಂಪವ್ವನತ್ತ ತಲೆಯೆತ್ತಿದ. ಅವಳ ತೊಡೆಗೆ ಒರಗಿ ನಿಂತಿದ್ದ ಆರು ವರ್ಷದ ಮೊಮ್ಮಗಳು ಮಾಯಾ, ಅಂಗಡಿಯ ಸ್ಕ್ರೂಡ್ರೈವರ್‌ಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದಳು.

"ನೀರಾಗ ಬಿದ್ದಿತ್ತೇನ್ರಿ ಯವ್ವಾ?"

"ಇಲ್ಲೋ ತಮ್ಮಾ. ಕೂಸಿನ ಜಳಕಕ್ಕ ಮೊದಲ ತಗದ ಇಡತಿದ್ನಿ. ಮಲಗೂ ಮುಂದ ಡಬ್ಯಾಗ. ಮಷೀನ ಕೊಟ್ಟ ಕ್ಯಾಂಪಿನ ಡಾಕ್ಟರು ಹೇಳಿದಂಗನ." ಅವಳೇ ಉಪಾಯವನ್ನೂ ಹೇಳಿದಳು: "ಕಿಲುಬ ಅಲ್ಲನು? ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಹೋಗೂದಿಲ್ಲೇನು?"

"ಇದನ್ನೇನ ತಾಮ್ರದ ತಂಬಗಿ ಅಂತ ತಿಳದೀರೇನು?" ಯಲ್ಲಾಲಿಂಗ ನಕ್ಕು, ಸಣ್ಣ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿದ. "ಆ ಡಬ್ಬಿ ಕೊಡ್ರಿ, ನೋಡೂನು."

ಡಬ್ಬಿ ತೆರೆದಾಗ ಅವನ ನಗು ನಿಂತಿತು. ತೇವ ಹೀರಲೆಂದು ಕ್ಯಾಂಪಿನವರು ಇಟ್ಟಿದ್ದ ಹರಳಿನ ಪೊಟ್ಟಣದ ಪಕ್ಕದಲ್ಲೇ ಒಂದು ಬಟ್ಟೆಯ ಗಂಟು. ಅದರೊಳಗೆ ಒಂದು ಒಣಮೆಣಸಿನಕಾಯಿ, ನಾಲ್ಕು ಹರಳು ಕಲ್ಲುಪ್ಪು. ಶ್ರಾವಣದ ಹವೆಗೆ ಉಪ್ಪು ನೀರೊಡೆದು ಡಬ್ಬಿಯ ತಳವೆಲ್ಲ ಒದ್ದೆಯಾಗಿತ್ತು.

"ಇದನ್ನ ಯಾರ ಇಟ್ಟಾರ್ರಿ?"

"ನಾನ ಇಟ್ಟೇನಿ." ಕೆಂಪವ್ವನ ದನಿ ಇಳಿಯಿತು. "ಹುಟ್ಟಾ ಕಿವಿ ಕೇಳದ ಕೂಸು, ಮಾಯಾ ಅಂದ್ರ ಹೊಳ್ಳಿ ನೋಡಾಕತ್ತಿತ್ತು. ನನಗ ಆಯಿ ಅನ್ನೂದ ಒಂದ ಮಾತ ಕಲ್ತಿತ್ತು. ನಮ್ಮೂರ ಕುಲಗೋಡದ ಹೆಣ್ಣಮಕ್ಕಳೆಲ್ಲ ಬಂದ ಬಂದ ಕರದ ನೋಡಿದ್ರು. ದೃಷ್ಟಿ ಆದೀತಂತ ಅಮಾಸಿ ದಿನ ಮಾಯಕ್ಕ ದೇವಿ ಮುಂದ ಇಟ್ಟ, ಮಷೀನಿನ ಬಾಜೂಕ ಇಟ್ನಿ."

"ಆ ಉಪ್ಪಿನ ನೀರ ಇದನ್ನ ತಿಂದೈತಿ ಯವ್ವಾ."

ಅರ್ಧ ತಾಸು ತಿಕ್ಕಿ, ಬಿಸಿ ಗಾಳಿ ಹಿಡಿದು ಒಣಗಿಸಿ, ಹೊಸ ಸೆಲ್ ಹಾಕಿದ. ಮಷೀನು ಒಮ್ಮೆ ಕುಂಯ್ ಎಂದಿತು. ಕೆಂಪವ್ವ ಎದ್ದು ನಿಂತು ಕೈಮುಗಿದಳು. ಮುಗಿದ ಕೈ ಇಳಿಯುವ ಮೊದಲೇ ಸದ್ದು ನಿಂತಿತು. ಒಳಗಿನ ಕೂದಲೆಳೆಯಂಥ ತಾಮ್ರದ ಗೆರೆಗಳು ಕಿಲುಬಿನ ಜೊತೆಗೇ ಉದುರಿ ಹೋಗಿದ್ದವು.

"ಕ್ಯಾಂಪಿನವರು ಇನ್ನೊಂದ ಕೊಡೂದು ಮೂರ ವರ್ಷಕ್ಕಂತ," ಎಂದಳು ಕೆಂಪವ್ವ. "ಅಷ್ಟರಾಗ ಆಯಿ ಅನ್ನೂದ ಮರೀತಾಳೋ ಏನೋ."

ಯಲ್ಲಾಲಿಂಗ ಉಪ್ಪಿನ ಗಂಟನ್ನು ಕಸದ ಬುಟ್ಟಿಗೆ ಹಾಕಲು ಹೋದವನು, ದೇವರ ಮುಂದೆ ಇಟ್ಟದ್ದೆಂದು ನೆನಪಾಗಿ, ಅವಳ ಕೈಗೇ ಕೊಟ್ಟ.

ಅಂಗಡಿಯಿಂದ ಹೊರಟ ಅಜ್ಜಿ ಮೊಮ್ಮಗಳು ಘಟಪ್ರಭಾ ಸ್ಟೇಷನ್ನಿನ ರೈಲ್ವೆ ಗೇಟಿನ ಬಳಿ ನಿಂತರು. ಎರಡು ತಿಂಗಳ ಹಿಂದೆ, ಮಷೀನು ಹಾಕಿದ ಹೊಸದರಲ್ಲಿ, ಇಲ್ಲೇ ರೈಲು ಕೂಗಿದಾಗ ಮಾಯಾ ಚೀರಿ ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸಿದ್ದಳು. ಅವಳ ಕಿವಿಗಳನ್ನು ಕೈಯಿಂದ ಮುಚ್ಚಿ ಕೆಂಪವ್ವ ಸಂತೋಷಕ್ಕೆ ಅತ್ತಿದ್ದಳು.

ಈಗ ರೈಲು ಜೋರಾಗಿ ಕೂಗುತ್ತ ಬಂತು. ಗೇಟಿನಲ್ಲಿದ್ದವರೆಲ್ಲ ಮುಖ ಕಿವುಚಿದರು. ಮಾಯಾ ಬೆರಳು ಮಡಚುತ್ತ ಬೋಗಿ ಎಣಿಸುತ್ತಿದ್ದಳು. ಕೆಂಪವ್ವ ಬಾಗಿ ಅವಳ ಎರಡೂ ಕಿವಿಗಳನ್ನು ಮುಚ್ಚಿದಳು.