ಅಜ್ಜಿಯ ದನಿ, ಐದರ ಬಸ್ಸು

ತೀರಿಕೊಂಡವರು ಫೋನಿನಲ್ಲಿ ಮಾತಾಡಲು ಶುರುಮಾಡಿದ ಮೇಲೆ ನಮ್ಮ ಅಜ್ಜಿಯೂ ದಿನಾ ನಾಲ್ಕು ಗಂಟೆಗೆ ನನ್ನ ತಂಗಿ ವನಮಾಲಾಗೆ ಕತೆ ಹೇಳಲು ಬರುತ್ತಿದ್ದಳು. ಅವತ್ತು ತಂಗಿಯ ಪಕ್ಕದಲ್ಲಿ ನಾನೂ ನೆನೆದ ಅವರೆಕಾಳು ಹಿತುಕುತ್ತಾ ಸದ್ದಿಲ್ಲದೆ ಕೂತಿದ್ದೆ. ಡಬ್ಬಕ್ಕೆ ಒರಗಿಸಿದ್ದ ಫೋನಿನಲ್ಲಿ ಅಜ್ಜಿಯ ಕತೆಯ ರಾಜಕುಮಾರಿ ಏಳು ಸಮುದ್ರ ದಾಟುತ್ತಿದ್ದಳು.

"ಆಮೇಲೆ ಅವಳು ಯಾರಿಗೂ ಹೇಳದೆ, ಧರ್ಮ ಕಾಯೋ ಅಣ್ಣಂದಿರ ಪಡೆ ಸೇರಿದ್ಲು. ನೀನೂ ಐದರ ಬಸ್ಸಿಗೆ ಹೊರಡು ಪುಟ್ಟಿ."

"ಹೂಂ," ಎಂದಳು ವನಮಾಲಾ. ಅವಳ ಚೀಲ ಆಗಲೇ ಬಾಗಿಲ ಹಿಂದಿತ್ತು.

ನಾನು ಮ್ಯೂಟ್ ಒತ್ತಿದೆ. "ಇದು ಅಜ್ಜಿ ಅಲ್ಲ ಕಣೇ. ಪಡೆಯವರು ಸತ್ತವರ ದನಿ ಕದ್ದು ಹುಡುಗೀರನ್ನ ಕರೀತಾರೆ. ಹಿಂದಿನ ಬೀದಿ ಶಕುಂತಲೆ ಹೀಗೇ ಹೋದ್ಲು, ಬರಲೇ ಇಲ್ಲ."

"ನಿನಗೆ ಹೊಟ್ಟೆಕಿಚ್ಚು. ಅಜ್ಜಿ ನನ್ನನ್ನೇ ಆರಿಸ್ಕೊಂಡ್ಲು ಅಂತ."

"ಹಾಗಾದ್ರೆ ಒಂದ್ಸಲ ಹೂಂಗುಟ್ಟಬೇಡ, ನೋಡೋಣ."

ಹೂಂ ನಿಂತರೆ ನಮ್ಮಜ್ಜಿ ಕತೆ ನಿಲ್ಲಿಸಿ, "ನಿದ್ದೆ ಬಂತೇನೇ ಕೂಸೇ?" ಎಂದು ಕೌದಿ ಹೊದಿಸುತ್ತಿದ್ದಳು. ವನಮಾಲಾಗೂ ಅದು ನೆನಪಿತ್ತು. ನಾನು ಮ್ಯೂಟ್ ತೆಗೆದೆ.

"ಬಸ್ಸಲ್ಲಿ ಒಬ್ಬ ಅಣ್ಣ ಕಾಯ್ತಿರ್ತಾನೆ, ಗೊತ್ತಾಯ್ತಾ?"

ವನಮಾಲಾ ಹೂಂಗುಟ್ಟಲಿಲ್ಲ. ಫೋನು ಅಜ್ಜಿಯದೇ ದನಿಯಲ್ಲಿ ಮೆಲ್ಲಗೆ ಕೇಳಿತು:

"ಪಕ್ಕದಲ್ಲಿ ಯಾರಿದ್ದಾರೆ?"

ವನಮಾಲಾಳ ಮುಖ ಬಿಳಿಚಿಕೊಂಡಿತು. ಸಿಪ್ಪೆ ಮೆತ್ತಿದ್ದ ಒದ್ದೆ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು.

"ನಮ್ಮಕ್ಕ ಇದ್ದಾಳೆ," ಎಂದಳು ಗಟ್ಟಿಯಾಗಿ.